ಬಟ್ಟೆ ಒಣಗಿಸುವ ಜಾಗದಲ್ಲಿ ಕರೆಂಟು

ಲೈಪ್‌ಜಿಗ್, ಜರ್ಮನಿ
6 ಜುಲೈ 2025

ತೀರ್ಥರೂಪು ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಹೋದ ವಾರ ವಿಡಿಯೊ ಕಾಲ್‌ನಲ್ಲಿ ಅಮ್ಮ ಕೇಳಿದಳಲ್ಲ, ಬಾಲ್ಕನಿ ಕಂಬಿಗೆ ಕಟ್ಟಿರುವ ಆ ಕಪ್ಪು ಹಲಗೆ ಏನು ಅಂತ. ಸೋಲಾರ್ ಎಂದ ತಕ್ಷಣ ಅಪ್ಪ "ಮನೇಲೇ ಪವರ್ ಹೌಸ್ ಇಟ್ಟಿದ್ದೀಯೇನೇ?" ಎಂದು ನಕ್ಕುಬಿಟ್ಟರು. ಅಪ್ಪ, ಇಲ್ಲಿಯವರು ಇದನ್ನು ಕರೆಯುವುದೂ ಹಾಗೇ. ಬಾಲ್ಕೋನ್‌ಕ್ರಾಫ್ಟ್‌ವೆರ್ಕ್. ಅಂದರೆ ಬಾಲ್ಕನಿ ಪವರ್ ಹೌಸ್!

ಎರಡು ಪ್ಯಾನೆಲ್, ಅದರ ಕರೆಂಟನ್ನು ಮನೆಯಲ್ಲಿ ಬಳಸುವ ಕರೆಂಟಾಗಿ ಬದಲಿಸುವ ಒಂದು ಸಣ್ಣ ಇನ್ವರ್ಟರ್, ಒಂದು ವೈರು. ಅಷ್ಟೇ. ವೈರಿನ ತುದಿಯ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಕರೆಂಟು ಸಾಕೆಟ್ಟಿನಿಂದ ಬರುವ ಬದಲು ಒಳಗೆ ಹೋಗುತ್ತದೆ. ಫ್ರಿಜ್ಜು, ವೈಫೈ ಎಲ್ಲ ಮೊದಲು ಅದನ್ನೇ ಕುಡಿಯುತ್ತವೆ, ಸಾಲದ್ದು ಮಾತ್ರ ಲೈನಿನಿಂದ ಬರುತ್ತದೆ. 800 ವಾಟ್‌ವರೆಗೆ ಬಿಡಬಹುದು. ಎಲೆಕ್ಟ್ರಿಷಿಯನ್ ಬೇಕಿಲ್ಲ, ಆನ್‌ಲೈನಿನಲ್ಲಿ ಒಮ್ಮೆ ನೋಂದಾಯಿಸಿದರೆ ಸಾಕು. ದೇಶದಲ್ಲಿ ಹೀಗೆ ನೋಂದಾಯಿಸಿದವು ಈಗ 10 ಲಕ್ಷ ದಾಟಿವೆ.

ಬಾಡಿಗೆ ಮನೆಯವರಿಗೆ ಇದೊಂದು ವರವೇ. ಸ್ವಂತ ಸೂರು ಇಲ್ಲದವರು ಸೋಲಾರ್ ಎಲ್ಲಿ ಹಾಕಬೇಕು ಹೇಳಿ. ನನ್ನ ಮನೆ ಮಾಲೀಕರು ಮೊದಲು ಬೇಡ ಎಂದೇ ಹೇಳಿದ್ದರು. 2024ರ ಅಕ್ಟೋಬರಿನಲ್ಲಿ ಕಾನೂನು ಬದಲಾಯಿತು. ಸರಿಯಾದ ಕಾರಣ ಕೊಡದೆ ಮಾಲೀಕರು ಬೇಡ ಎನ್ನುವಂತಿಲ್ಲ. ನಾನು ಮತ್ತೆ ಕಾಗದ ಕೊಟ್ಟೆ, ಒಪ್ಪಿಕೊಂಡರು.

ಅಪ್ಪ, ತ್ರೀಫೇಸ್ ಬಂತು ಅಂತ ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಮೋಟಾರು ಹಾಕಲು ಓಡುತ್ತಿದ್ದಿರಲ್ಲ, ನಾನೀಗ ಬಿಸಿಲು ಬಂತು ಅಂತ ವಾಷಿಂಗ್ ಮಷೀನಿಗೆ ಓಡುತ್ತೇನೆ. ನಾವು ಬಳಸದೆ ಉಳಿದ ಕರೆಂಟು ಸುಮ್ನೆ ಲೈನಿಗೆ ಹೋಗುತ್ತದೆ, ನನಗೆ ಒಂದು ಪೈಸೆಯೂ ಇಲ್ಲ. ಅದಕ್ಕೇ ಭಾನುವಾರ ಮಧ್ಯಾಹ್ನವೇ ಬಟ್ಟೆ, ಮಧ್ಯಾಹ್ನವೇ ಬೇಳೆ. ಮೋಡ ಬಂದರೆ ಬೈಯುತ್ತೇನೆ. ಮೋಡ ಬರಲಿ ಅಂತ ಕಾಯುವ ಊರಲ್ಲಿ ಹುಟ್ಟಿದವಳು ನಾನು!

ಕರೆಂಟು ಹೋದಾಗ ಇದು ಓಡುತ್ತದಾ ಎಂದು ನೀವು ಕೇಳೇ ಕೇಳುತ್ತೀರಿ. ಇಲ್ಲ. ನಮ್ಮೂರಿನ ಇನ್ವರ್ಟರ್ ಥರ ಇದಕ್ಕೆ ಬ್ಯಾಟರಿ ಇಲ್ಲ. ಲೈನು ಸತ್ತರೆ ಇದೂ ತಾನಾಗೇ ನಿಲ್ಲುತ್ತದೆ, ಇಲ್ಲದಿದ್ದರೆ ರಿಪೇರಿಗೆ ಬಂದ ಲೈನ್‌ಮ್ಯಾನ್‌ಗೆ ಶಾಕ್ ಹೊಡೆದೀತು. ಇನ್ನು ಡಿಸೆಂಬರಿನಲ್ಲಿ ಸೂರ್ಯ ಬೆಳಿಗ್ಗೆ 8ರ ಮೇಲೆ ಹುಟ್ಟಿ ಸಂಜೆ 4ಕ್ಕೆ ಮುಳುಗುತ್ತಾನೆ. ಆಗ ಇದು ಬರೀ ಅಲಂಕಾರ.

ಮೊನ್ನೆ ಕೂತು ಲೆಕ್ಕ ಹಾಕಿದೆ. ನಮ್ಮ ಪಾವಗಡದ ಸೋಲಾರ್ ಪಾರ್ಕು 2,050 ಮೆಗಾವಾಟ್. ನನ್ನಂಥ 25 ಲಕ್ಷಕ್ಕೂ ಜಾಸ್ತಿ ಬಾಲ್ಕನಿ ಸೇರಿದರೆ ಅದೊಂದಕ್ಕೆ ಸಮ. ಆಫೀಸಿನಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ, ನನಗೆ ಒಳಗೊಳಗೇ ಖುಷಿ. ಆದರೆ ಅಲ್ಲಿ ಸುಮಾರು 13,000 ಎಕರೆ ಹೋಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗುತ್ತಿಗೆ ಶುರುವಾದಾಗ ಹೊಲ ಇದ್ದವರು ಉಸಿರಾಡಿದರು. ಕಡ್ಲೆಕಾಯಿ ಕೀಳಲು ಕೂಲಿಗೆ ಬರುತ್ತಿದ್ದವರಿಗೆ ಏನು ಸಿಕ್ಕಿತು? ನನ್ನ ಎರಡು ಪ್ಯಾನೆಲ್ ಯಾರ ಕೂಲಿಯನ್ನೂ ಕಿತ್ತುಕೊಂಡಿಲ್ಲ, ಅದಕ್ಕೇ ಇದರ ಮೇಲೆ ನನಗೆ ಅಷ್ಟು ಪ್ರೀತಿ ಇರಬೇಕು.

ಮಳೆ ಹೇಗಿದೆ? ಕಡ್ಲೆಕಾಯಿ ಬಿತ್ತಿದಿರಾ? ಅಮ್ಮ, ಬಾಲ್ಕನಿ ತುಂಬ ಅದೇ ಇದ್ದರೆ ಬಟ್ಟೆ ಎಲ್ಲಿ ಒಣಗಿಸ್ತೀಯ ಅಂತ ನೀನು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಬಚ್ಚಲುಮನೆಯಲ್ಲಿ. ಬೈಯಬೇಡ.

ನಿಮ್ಮ ಮಗಳು