ಚಪ್ಪಾಳೆ ತಟ್ಟಿದವರನ್ನು ಗದರಿಸುವುದೇಕೆ?

ಮಾನ್ಯ ಸಂಪಾದಕರೇ,

ನಗರದಲ್ಲಿ ಈಚೆಗೆ ನಡೆದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾ ಕಛೇರಿಯೊಂದರಲ್ಲಿ ಹದಿನೆಂಟನೆಯ ಶತಮಾನದ ಸಂಯೋಜಕ ಮೊಜಾರ್ಟ್‌ನ ಡಿ ಮೈನರ್ ಪಿಯಾನೊ ಕನ್ಚೆರ್ಟೊ (ಪಿಯಾನೊ ಮುಂದಾಳಾಗಿ ಆರ್ಕೆಸ್ಟ್ರಾದೊಡನೆ ನುಡಿಯುವ ಕೃತಿ) ಹಾಗೂ ‘ಪ್ಯಾರಿಸ್’ ಸಿಂಫನಿಯನ್ನು (ಇಡೀ ಆರ್ಕೆಸ್ಟ್ರಾಕ್ಕಾಗಿ ಹಲವು ಭಾಗಗಳಲ್ಲಿ ರಚಿಸಿದ ಕೃತಿ) ನುಡಿಸಲಾಯಿತು. ಸಿಂಫನಿಯ ಮೊದಲ ಭಾಗ ಮುಗಿದೊಡನೆ ಚಪ್ಪಾಳೆ ತಟ್ಟಿದ ಕೆಲವರನ್ನು ಮುಂದಿನ ಸಾಲಿನವರು ತಿರುಗಿ ನೋಡಿ ‘ಶ್’ ಎಂದು ಗದರಿಸಿದರು. ಕೃತಿಯ ಎಲ್ಲ ಭಾಗಗಳೂ ಮುಗಿಯುವವರೆಗೆ ಚಪ್ಪಾಳೆ ತಟ್ಟಬಾರದೆಂಬ, ಈ ಸಂಗೀತಕ್ಕೆ ಹೊಸದಾಗಿ ಬರುವವರನ್ನು ಮುಜುಗರಕ್ಕೆ ಈಡುಮಾಡುವ ಇಂಥ ಕಟ್ಟಳೆ ಮೊಜಾರ್ಟ್‌ನ ಕಾಲದ್ದಲ್ಲ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಆ ಸಿಂಫನಿ ಸಾರ್ವಜನಿಕವಾಗಿ ಮೊದಲ ಸಲ ಕೇಳಿಬಂದದ್ದು 1778ರ ಜೂನ್ 18ರಂದು, ಪ್ಯಾರಿಸಿನಲ್ಲಿ. ಜುಲೈ 3ರಂದು ತಂದೆ ಲಿಯೋಪೋಲ್ಡ್‌ಗೆ ಬರೆದ ಪತ್ರದಲ್ಲಿ ಮೊಜಾರ್ಟ್, ಮೊದಲ ಭಾಗದ ನಡುವಿನ ಒಂದು ಸಂಚಾರ ಜನರಿಗೆ ಹಿಡಿಸುವುದೆಂದು ತನಗೆ ರಚಿಸುವಾಗಲೇ ಗೊತ್ತಿತ್ತೆಂದೂ, ಅದು ಬಂದೊಡನೆ ಸಭೆ ಚಪ್ಪಾಳೆ ತಟ್ಟಿತೆಂದೂ, ಅದಕ್ಕಾಗಿಯೇ ಕೊನೆಯಲ್ಲಿ ಅದನ್ನು ಮತ್ತೊಮ್ಮೆ ತಂದಿದ್ದೆನೆಂದೂ ಹಿಗ್ಗಿನಿಂದ ಹೇಳಿಕೊಂಡಿದ್ದಾನೆ. ಕೊನೆಯ ಭಾಗವನ್ನು ಎಲ್ಲ ವಾದ್ಯಗಳೂ ಒಟ್ಟಿಗೆ ಆರಂಭಿಸುವುದು ಅಲ್ಲಿನ ವಾಡಿಕೆಯಾಗಿದ್ದರಿಂದ, ಇವನು ಬೇಕೆಂದೇ ಪಿಟೀಲಿನ ಎರಡು ಪಂಗಡಗಳಿಂದ ಮಾತ್ರ ಮೆಲ್ಲಗೆ ತೊಡಗಿಸಿ, ಆಮೇಲೆ ಒಮ್ಮೆಗೇ ಜೋರು ದನಿಯನ್ನು ತಂದ. ಮೆಲುದನಿಗೆ ಸಭಿಕರೇ ‘ಶ್’ ಎಂದರಂತೆ. ಅಬ್ಬರ ಕೇಳಿದೊಡನೆ ಕೈಗಳು ತಾವಾಗಿ ಸೇರಿದುವಂತೆ. ಆ ‘ಶ್’, ಸಂಗೀತವನ್ನು ಕೇಳುವ ಆತುರದಿಂದ ಹೊಮ್ಮಿದ್ದೇ ಹೊರತು ಪಕ್ಕದವರನ್ನು ತಿದ್ದಲು ಹೇಳಿದ್ದಲ್ಲ.

ಹಾಗೆಂದು ಎಲ್ಲೆಂದರಲ್ಲಿ ಚಪ್ಪಾಳೆ ತಟ್ಟಬೇಕೆಂದು ನಾನು ಹೇಳುತ್ತಿಲ್ಲ. ಡಿ ಮೈನರ್ ಕನ್ಚೆರ್ಟೊದ ಮೊದಲ ಭಾಗ, ಪಿಯಾನೊ ವಾದಕರು ಒಬ್ಬರೇ ನುಡಿಸುವ ಕಡೆನ್ಜಾ ಮುಗಿದು ಆರ್ಕೆಸ್ಟ್ರಾ ಮರಳಿದ ಮೇಲೆ, ಬರಬರುತ್ತ ಕುಗ್ಗಿ ಮೆಲುದನಿಯಲ್ಲೇ ಅಡಗುತ್ತದೆ. ಅಲ್ಲಿ ತಟ್ಟಿದರೆ ಕಿವಿಗೆ ಒರಟಾಗುವುದು ನಿಜ. ‘ಪ್ಯಾರಿಸ್’ ಸಿಂಫನಿಯ ಮೊದಲ ಭಾಗವಾದರೋ ಇಡೀ ಆರ್ಕೆಸ್ಟ್ರಾದ ಜೋರಿನಲ್ಲಿ ಮುಗಿಯುತ್ತದೆ. ಯಾವುದಕ್ಕೆ ಸುಮ್ಮನಿರಬೇಕು, ಯಾವುದಕ್ಕೆ ಮೆಚ್ಚುಗೆ ತೋರಬಹುದು ಎಂಬುದನ್ನು ಸಂಗೀತವೇ ಹೇಳುತ್ತಿರುವಾಗ ಎರಡಕ್ಕೂ ಒಂದೇ ನಿಯಮವನ್ನು ಹೇರುವುದು ಸರಿಯಲ್ಲ.

ಭಾಗಗಳ ನಡುವೆ ಮೌನವಾಗಿರುವ ಪದ್ಧತಿ ಬಲವಾಗಿ ಬೇರೂರಿದ್ದು ಮೊಜಾರ್ಟ್ ತೀರಿಕೊಂಡು ಬಹುಕಾಲದ ನಂತರ. 1813ರ ಡಿಸೆಂಬರಿನಲ್ಲಿ ವಿಯೆನ್ನಾದ ಸಭೆ ಬೀಥೋವನ್‌ನ ಏಳನೆಯ ಸಿಂಫನಿಯ ಎರಡನೆಯ ಭಾಗವನ್ನು ಅಲ್ಲೇ ಮತ್ತೊಮ್ಮೆ ನುಡಿಸುವಂತೆ ಮಾಡಿತ್ತು. 1842ರಲ್ಲಿ ಹೊರಬಂದ ‘ಸ್ಕಾಟಿಷ್’ ಸಿಂಫನಿಯ ಭಾಗಗಳ ನಡುವೆ ಬಿಡುವು ಕೊಡಬಾರದೆಂದು ಅದರ ಸಂಯೋಜಕ ಮೆಂಡೆಲ್ಸನ್ ಸೂಚಿಸಬೇಕಾಯಿತು. ಮೃದಂಗ ಮೊದಲಾದ ತಾಳವಾದ್ಯದವರ ತನಿ ಆವರ್ತನ ಮುಗಿದೊಡನೆ ಚಪ್ಪಾಳೆ ತಟ್ಟುವ, ಆಲಾಪನೆಯ ನಡುವೆಯೇ ‘ಭಲೇ’ ಎನ್ನುವ ನಮ್ಮ ರಸಿಕರನ್ನು ಕಂಡಿದ್ದರೆ ಮೊಜಾರ್ಟ್ ಬೇಸರಪಡುತ್ತಿದ್ದನೆಂದು ನನಗನ್ನಿಸುವುದಿಲ್ಲ.

ಆದ್ದರಿಂದ ಕಾರ್ಯಕ್ರಮದ ವಿವರವನ್ನು ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಮುದ್ರಿಸಿ, ಕೃತಿಯಲ್ಲಿ ಎಷ್ಟು ಭಾಗಗಳಿವೆ, ಯಾವುದು ಮೆಲ್ಲಗೆ ಮುಗಿಯುತ್ತದೆ, ಯಾವುದು ನಿಲ್ಲದೆ ಮುಂದಿನದಕ್ಕೆ ಸಾಗುತ್ತದೆ ಎಂಬುದನ್ನು ತಿಳಿಸುವಂತೆ ಸಂಘಟಕರನ್ನು ಕೋರುತ್ತೇನೆ. ಅದಕ್ಕೆ ಒಂದು ಪುಟ ಸಾಕು.

– ಓದುಗ, ಬೆಂಗಳೂರು