ಮಾನ್ಯ ಶಾಸಕರೇ, ರಾತ್ರಿ ಹತ್ತರ ಮ್ಯಾಲೆ ಒಂದೇ ಒಂದು ಬಸ್ ಬಿಡಸ್ರಿ

ಮಾನ್ಯ ಶಾಸಕರಿಗೆ ಸವಿನಯ ನಮಸ್ಕಾರ.

ಡಿಸೆಂಬರ್‌ದಾಗ ಸವಾಯಿ ಗಂಧರ್ವ ಸಂಗೀತ ಉತ್ಸವ ಮುಗದ ಮ್ಯಾಲೆ ರಾತ್ರಿ ಮನಿಗೆ ಹೋಗಲಿಕ್ಕೆ ಒಂದು ಬಸ್ ಬೇಕು ಅಂತ ಮರಾಠಿಯೊಳಗ ಮೂರು ಅರ್ಜಿ ಕೊಟ್ಟಾಯ್ತು ರೀ, ಎರಡು ನಿಮ್ಮ ಕಚೇರಿಗೆ, ಒಂದು ನಿಮ್ಮ ಕೈಯಾಗನ. ನೋಡೋಣ ಅನ್ನೋದು ಬಿಟ್ರ ಒಂದಕ್ಕೂ ಉತ್ತರ ಬರಲಿಲ್ಲ. ಅದಕ್ಕ ಈಗ ಎಲ್ಲಾರಿಗೂ ಕಾಣೋಹಂಗ ಕನ್ನಡದಾಗ ಬರಿಲಿಕ್ಕತ್ತೀನಿ. ಚುನಾವಣೆ ಮುಂದ ನಮ್ಮ ಕನ್ನಡ ಹೆಣ್ಣಮಕ್ಕಳ ಅರಿಶಿಣ ಕುಂಕುಮಕ್ಕ ಬಂದು "ಎಲ್ಲಾರೂ ಆರಾಮ ಇದ್ದೀರೇನ್ರಿ" ಅಂತ ಕನ್ನಡದಾಗ ಕೇಳಿದ್ರಿ, ನಾವೆಲ್ಲಾ ಚಪ್ಪಾಳಿ ಹೊಡೆದ್ವಿ. ಆವತ್ತು ಉತ್ತರ ಕೇಳಲಿಕ್ಕೆ ನಿಮಗ ಟೈಮ್ ಇರಲಿಲ್ಲ. ಈಗ ಹೇಳ್ತೀನಿ, ಆರಾಮ ಇಲ್ಲ.

ನಾನು ಧಾರವಾಡದಾಕಿ. 1991ರಾಗ ಮದಿವ್ಯಾಗಿ ಪುಣೆಕ್ಕ ಬಂದೆ. ಆ ವರ್ಷ ಡಿಸೆಂಬರ್‌ದಾಗ ನಮ್ಮನಿಯವರು ಎರಡು ಶಾಲು, ಚಪಾತಿ, ಶೇಂಗಾ ಚಟ್ನಿ ಕಟಗೊಂಡು ರಮಣಬಾಗ್ ಸಾಲಿ ಮೈದಾನಕ್ಕ ನನ್ನ ಕರಕೊಂಡು ಹೋದ್ರು, ಸವಾಯಿ ಗಂಧರ್ವ ಮಹೋತ್ಸವಕ್ಕ. ನಾನು ಹೊಸಾ ಊರು, ಹೊಸಾ ಭಾಷಾ ಅಂತ ಮುದುಡಿಕೊಂಡು ಕೂತಿದ್ದೆ, ಬೆಳಗು ಹರಿಯೋ ಹೊತ್ತಿಗೆ ಭೀಮಸೇನ ಜೋಶಿ ಅವರು ಬಂದು ಕೂತು ಷಡ್ಜ, ಅಂದ್ರ ಸಾ ಸ್ವರ, ಹಚ್ಚಿದ್ರು ನೋಡ್ರಿ, ನನಗ ಊರಿಗೇ ಬಂದಂಗಾತು. ಗದಗದ ಕಡೆಯವರು, ರೋಣದಾಗ ಹುಟ್ಟಿದವರು, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನ ಮ್ಯಾಲೆ 1953ರಿಂದ ಈ ಊರಾಗ ನಡಿಸಿಕೊಂಡು ಬಂದ ಉತ್ಸವ ಅದು. ನಮ್ಮಂಥವರಿಗೆ ಅದು ಬರೇ ಹಾಡಿನ ಕಾರ್ಯಕ್ರಮ ಅಲ್ರಿ, ವರ್ಷಕ್ಕೊಮ್ಮೆ ತವರಿಗೆ ಹೋಗಿ ಬಂದಂಗ.

ಆಗ ಇಡೀ ರಾತ್ರಿ ನಡೀತಿತ್ತು. ಮುಗಿಯೋದ್ರಾಗ ಬೆಳಗಾಗಿರ್ತಿತ್ತು, ಚಹಾ ಕುಡದು ಮುಂಜಾನೆ ಮೊದಲನೇ ಬಸ್ ಹಿಡದು ಮನಿಗೆ ಹೋಗ್ತಿದ್ವಿ. ಹ್ಯಾಂಗ ಹೋಗೋದು ಅನ್ನೋ ಚಿಂತಿನೇ ಇರಲಿಲ್ಲ. ಆಮ್ಯಾಲೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಬಂತು, ರಾತ್ರಿ ಹತ್ತಕ್ಕ ಧ್ವನಿವರ್ಧಕ ಬಂದ್. ಸರಿ, ಕಾನೂನು, ನಾನು ಅದರ ವಿರುದ್ಧ ಬರಿಲಿಕ್ಕತ್ತಿಲ್ಲ. ನಡುರಾತ್ರಿ ರಾಗ ದರಬಾರಿ ಹೋತು, ಬೆಳಗಿನ ಜಾವದ ರಾಗ ಲಲತ ಹೋತು, ಅದನ್ನೂ ನುಂಗಿಕೊಂಡ್ವಿ. ಆದ್ರ ಸಾವಿರಾರು ಮಂದೀನ ರಾತ್ರಿ ಹತ್ತಕ್ಕ ಒಮ್ಮೆಲೆ ರಸ್ತಾದ ಮ್ಯಾಲೆ ತಂದು ಬಿಟ್ಟ ಮ್ಯಾಲೆ ಅವರು ಮನಿಗೆ ಹ್ಯಾಂಗ ಹೋಗ್ತಾರ ಅಂತ ಒಬ್ಬರರೆ ಯೋಚನೆ ಮಾಡಬೇಕಿತ್ತಲ್ರಿ? ಕಾನೂನು ಬಂತು, ಬಸ್ ಬರಲಿಲ್ಲ.

ನಮ್ಮ ಸೊಸೈಟಿ ಧಾಯರಿ ದಾಟಿ ಒಳಗಡೆ ಅದ, ನಿಮಗ ಗೊತ್ತದ, ಓಟು ಕೇಳಲಿಕ್ಕೆ ಎರಡು ಸಲ ಬಂದೀರಿ. ನಮ್ಮ ಓಣಿತನಕ ಬರೋ ಕಡೀ ಬಸ್ ಹಿಡೀಬೇಕಂದ್ರ ಉತ್ಸವ ಈಗ ನಡಿಯೋ ಮುಕುಂದನಗರದ ಮೈದಾನದಿಂದ ನಾನು ಎಂಟೂಮುಕ್ಕಾಲಿಗೆ ಏಳಬೇಕು. ಎಂಟೂಮುಕ್ಕಾಲು ಅಂದ್ರ ದಿನದ ಕಡೀ ಕಲಾವಿದರು ಆಗಷ್ಟ ಬಂದು ತಂಬೂರಿ ಶ್ರುತಿ ಮಾಡಿಸಿಕೊಂಡು ಬಾಗೇಶ್ರೀಯೋ ಜೋಗಕಂಸೋ ರಾಗ ಹಿಡದಿರ್ತಾರ. ವಿಲಂಬಿತ ಖ್ಯಾಲು ನಿಧಾನಕ್ಕ ಅರಳಿಕೋತ ಇರ್ತದ, ನನ್ನ ಕಣ್ಣು ಗಡಿಯಾರದ ಮ್ಯಾಲೆ. ಬೈಠಕ್‌ನಾಗ ನೆಲದ ಮ್ಯಾಲೆ ಕೂತವರ ಮೊಣಕಾಲು ದಾಟಿಕೋತ, ಚಪ್ಪಲಿ ಕೈಯಾಗ ಹಿಡಕೊಂಡು, ಬಗ್ಗಿಕೊಂಡು ಹೊರಗ ಬರಬೇಕು. ವೇದಿಕೆ ಮ್ಯಾಲೆ ಹಾಡೋರಿಗೆ ಬೆನ್ನು ತೋರಿಸಿ ಎದ್ದು ಬರೋದು ನಮ್ಮ ಮನ್ಯಾಗ ಕಲಿಸಿದ್ದಲ್ಲ ರೀ. ಎಷ್ಟೋ ವರ್ಷದಿಂದ ಅದನ್ನ ಮಾಡಲಿಕ್ಕತ್ತೀನಿ.

ಹೋದ ವರ್ಷ ಕಡೀ ದಿನ ಏಳಲಿಲ್ಲ. ಉತ್ಸವದ ಕಡೀಗೆ ಸವಾಯಿ ಗಂಧರ್ವರ ಹಳೇ ಭೈರವಿ ರಾಗದ ರೆಕಾರ್ಡ್ ಹಚ್ತಾರ, ಎಲ್ಲಾರೂ ಸುಮ್ಮನ ಕೂತು ಕೇಳ್ತಾರ. ಅದನ್ನ ಕೇಳದ ಎಷ್ಟು ವರ್ಷಾತು, ಈ ಸಲ ಏನರೆ ಆಗಲಿ ಅಂದ್ರು ನಮ್ಮನಿಯವರು. ಅವರಿಗೆ ಮೊಣಕಾಲು ಆಪರೇಷನ್ ಆಗೇದ, ಕೈಯಾಗ ಕೋಲು. ಕೇಳಿದ್ವಿ. ಕಣ್ಣೀರು ಒರೆಸಿಕೋತ ಹೊರಗ ಬಂದ್ವಿ.

ಗೇಟಿನ ಮುಂದ ಇಪ್ಪತ್ತು ರಿಕ್ಷಾ ನಿಂತಿದ್ವು. ಒಬ್ಬನೂ ಬರವಲ್ಲ. ಒಬ್ಬ "ತಿಕಡೆ ನಾಹೀ", ಆ ಕಡೆ ಬರಂಗಿಲ್ಲ, ಅಂದ, ಒಬ್ಬ ತಲಿನೇ ಎತ್ತಲಿಲ್ಲ, ಒಬ್ಬ ಆರುನೂರು ರೂಪಾಯಿ ಅಂದ, ಮೀಟರ್ ಹಾಕಪ್ಪಾ ಅಂದದ್ದಕ್ಕ ನಕ್ಕ. ಮೊಬೈಲ್‌ನಾಗ ಬುಕ್ ಮಾಡಿದ್ರ ಹತ್ತು ನಿಮಿಷ ಕಾಯಿಸಿ ಕ್ಯಾನ್ಸಲ್, ಮತ್ತ ಬುಕ್, ಮತ್ತ ಕ್ಯಾನ್ಸಲ್, ನಾಕು ಸಲ. ಬರಲ್ಲ ಅನ್ನಲಿಕ್ಕೆ ರಿಕ್ಷಾದವರಿಗೆ ಹಕ್ಕಿಲ್ಲ ಅಂತ ಮೋಟಾರು ವಾಹನ ಕಾಯ್ದೆ 178ನೇ ಕಲಮಿನಾಗ ಅದ, ನಿಮಗ ನಾನು ಹೇಳಬೇಕಾಗಿಲ್ಲ. ಅಲ್ಲೇ ನಿಂತಿದ್ದ ಪೊಲೀಸಪ್ಪಗ ಹೇಳಿದ್ರ "ನಾನೇನು ಮಾಡಲಿ ಕಾಕು" ಅಂದ, ಕಾಕು ಅಂದ್ರ ಚಿಕ್ಕಮ್ಮ. ಡಿಸೆಂಬರ್ ಚಳಿ. ನಮ್ಮನಿಯವರು ನಿಲ್ಲಲಿಕ್ಕಾಗದ ಡಿವೈಡರ್ ಕಲ್ಲಿನ ಮ್ಯಾಲೆ ಕೂತ್ರು, ಅರವತ್ತೆಂಟು ವರ್ಷದ ಮನುಷ್ಯಾ, ಗಾಡಿಗಳು ಎರಡೂ ಕಡೆ ಭರ್ ಭರ್ ಅಂತ ಹೊಂಟಾವ, ನಾನು ಶಾಲು ಅವರ ಕಾಲಿಗೆ ಸುತ್ತಿ ರಿಕ್ಷಾ ರಿಕ್ಷಾ ಅಂತ ಕೈ ಮಾಡಿಕೋತ ನಿಂತಿದ್ದೆ. ಮನಿ ಮುಟ್ಟಿದಾಗ ಹನ್ನೆರಡೂ ನಲವತ್ತು. ಕೀಲಿ ತೆಗೆದು ಒಳಗ ಹೋಗ್ತಿದ್ದಂಗ ಅವರು "ಇನ್ನ ಸಾಕು, ನಾ ಬರಂಗಿಲ್ಲ" ಅಂದ್ರು.

ನನಗ ಸಿಟ್ಟು ಬಂದದ್ದು ಆರುನೂರು ರೂಪಾಯಿಗಲ್ಲ. ಆ ಮಾತಿಗೆ.

ಅದಾದ ಮ್ಯಾಲೆ ನಿಮ್ಮ ಕಚೇರಿಗೆ ಬಂದೆ. ಅಲ್ಲಿ ಕೂತಿದ್ದ ಹುಡುಗ ಅರ್ಜಿ ಓದಿ, "ಕಾಕು, ಹಾಡು ಕೇಳಲಿಕ್ಕೆ ಯಾರರೆ ಬಸ್ ಕೇಳ್ತಾರೇನ್ರಿ, ಯೂಟ್ಯೂಬ್‌ನಾಗ ಎಲ್ಲಾ ಅದ" ಅಂದ. ಅವಗ ಬೈಯಂಗಿಲ್ಲ, ಸಣ್ಣ ಹುಡುಗ. ನಿಮಗ ಕೇಳ್ತೀನಿ. ನಿಮ್ಮ ಸಭಾಕ್ಕ ಮಂದಿ ಬೇಕಾದಾಗ ನಮ್ಮ ಸೊಸೈಟಿ ಬಾಗಲಿಗೇ ಬಸ್ ಬರ್ತದ, ನೀರಿನ ಬಾಟ್ಲಿ ಸುದ್ದಾ ಕೊಡ್ತೀರಿ. ನಿಮ್ಮ ಭಾಷಣನೂ ಮೊಬೈಲ್‌ನಾಗ ಬರ್ತದಲ್ರಿ, ಮತ್ತ ಅದಕ್ಯಾಕ ಬಸ್?

ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನಾಗ ಹೋಗಿ ಸವಾಯಿ ಗಂಧರ್ವರ ಹಂತ್ಯಾಕ ಪಾಠ ಹೇಳಿಸಿಕೊಂಡು ತಿರುಗಿ ರೈಲಿನಾಗ ಮನಿಗೆ ಬರ್ತಿದ್ರು. ಆ ಕಾಲದಾಗ ಹೆಣ್ಣಮಗಳೊಬ್ಬಾಕಿ ಸಂಗೀತ ಕಲತು ರಾತ್ರಿ ಮನಿ ಮುಟ್ಟಲಿಕ್ಕೆ ಒಂದು ಗಾಡಿ ಇತ್ತು. ಇಷ್ಟು ದೊಡ್ಡ ಪುಣೆದಾಗ ಈಗ ಕೇಳಿ ಮನಿ ಮುಟ್ಟಲಿಕ್ಕೆ ಇಲ್ಲ.

ಮೆಟ್ರೋ ಅದಲ್ಲ ಅಂತೀರಿ. ಸ್ವಾರ್‌ಗೇಟ್‌ಗೆ 2024ರಾಗ ಬಂತು, ಭಾಳ ಸಂತೋಷ, ನಾನೂ ಹತ್ತೀನಿ. ಅದು ಪಿಂಪ್ರಿ ಕಡೆ ಹೋಗ್ತದ್ರಿ. ನಮ್ಮ ಮನಿ ಆ ಕಡೆ ಇಲ್ಲ.

ನಾನು ಕೇಳೋದು ಇಷ್ಟ. ಉತ್ಸವದ ಐದು ದಿನ, ಮೈದಾನದ ಗೇಟಿನಿಂದ, ರಾತ್ರಿ ಹತ್ತೂ ಇಪ್ಪತ್ತಕ್ಕ, ಸಿಂಹಗಡ ರಸ್ತಾ ಹಿಡದು ನಮ್ಮ ಓಣಿತನಕ ಒಂದು ಬಸ್. ಪುಕ್ಕಟೆ ಬ್ಯಾಡ, ಡಬಲ್ ತಿಕೀಟ್ ಇಡ್ರಿ, ಕೊಡ್ತೀವಿ. ನಮ್ಮ ಸೊಸೈಟಿಯಿಂದನ ಹನ್ನೊಂದು ಮಂದಿ ಹೋಗ್ತೀವಿ, ಬಾಜೂ ಸೊಸೈಟಿಯವರನ್ನ ಹಿಡದ್ರ ಇನ್ನೂ ಹೆಚ್ಚು, ಎಲ್ಲಾರೂ ಅರವತ್ತರ ಆಚೆ ಈಚೆದವರು. ನಾಳೆ ಬಾಕಿ ಕಡೆಯವರೂ ಕೇಳ್ತಾರ ಅಂತ ನಿಮಗ ಅನಿಸಬಹುದು. ಕೇಳಲಿ, ಅವರಿಗೂ ಬಿಡಸ್ರಿ. ಜನವರಿಯೊಳಗ ವಸಂತೋತ್ಸವ ಅಂತ ಇನ್ನೊಂದು ಸಂಗೀತ ಉತ್ಸವ ಬರ್ತದ, ದಿವಾಳಿಗೆ ಬೆಳಕು ಹರಿಯೋ ಮೊದಲ ಪಹಾಟ್ ಕಚೇರಿ ಇರ್ತಾವ, ಅವೂ ಇದೇ ಹಣೇಬರಹ, ಆದ್ರ ಇವತ್ತು ಒಂದೇ ಕೇಳ್ತೀನಿ. ಹತ್ತೂ ಇಪ್ಪತ್ತಕ್ಕ ಒಂದು ಬಸ್. ದಿವಾಳಿ ಒಳಗ ಆದೇಶ ಮಾಡಸ್ರಿ, ಬಸ್ ನಿಲ್ಲೋ ಜಾಗಾ, ಟೈಮ್ ಪೇಪರಿನಾಗ ಹಾಕಸ್ರಿ, ಕಡೀ ದಿನ ನೋಡೋಣ ಅನಬ್ಯಾಡ್ರಿ, ಆ ಮಾತು ಮೂರು ಸಲ ಕೇಳೀನಿ.

ಈ ವರ್ಷನೂ ನಾನು ಸೀಸನ್ ತಿಕೀಟ್ ಎರಡು ತೊಗೊಳ್ಳೋಳು. ಒಂದು ನಮ್ಮನಿಯವರದು. ಅವರಿಗಿನ್ನೂ ಹೇಳಿಲ್ಲ. ಬಸ್ ಅದ ಅಂತ ನಿಮ್ಮ ಕಡೆಯಿಂದ ಬರದು ಬಂದ ದಿನ ಆ ಕಾಗದಾನೂ ತಿಕೀಟೂ ಕೂಡೇ ಅವರ ಕೈಯಾಗ ಕೊಡ್ತೀನಿ.

ಇಂತಿ,
ನಿಮ್ಮ ಮತಕ್ಷೇತ್ರದ ಒಬ್ಬಾಕಿ ಮತದಾರಳು