ತಪ್ಪದೇ ನೋಡಬೇಕಾದ ಗೇಟು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸ್ಪೇನಿನ ಕವಿ ವಿಸೆಂತೆ ಅಲೆಕ್ಸಾಂದ್ರೆ ಅವರ ಮನೆಯ ಬಗ್ಗೆ ಬಂದ ವರದಿ ನಂಬಿ, ಅಮ್ಮನನ್ನು ಕರೆದುಕೊಂಡು ಉರಿಬಿಸಿಲಲ್ಲಿ ಹೋಗಿ ಗೇಟಿಗೆ ಕೈಮುಗಿದು ಬಂದಿದ್ದೇನೆ. ಮ್ಯಾಡ್ರಿಡ್‌ನಲ್ಲಿ ತಪ್ಪದೇ ನೋಡಬೇಕಾದ ಮನೆ ಎಂದು ನಿಮ್ಮವರು ಬರೆದಿದ್ದರು. ನೋಡಿದೆವು, ಹೊರಗಿನಿಂದ. ಗೇಟಿಗೆ ಬೀಗ. ಸರಳುಗಳ ನಡುವೆ ಯಾವುದೋ ಪಿಜ್ಜಾ ಅಂಗಡಿಯ ಮಾಸಿದ ಪಾಂಪ್ಲೆಟ್ಟು. ಕವಿಯೇ ನೆಟ್ಟಿದ್ದ ದೇವದಾರು ಮರ ಮಾತ್ರ ಗೋಡೆ ದಾಟಿ ಬೆಳೆದಿರುವುದರಿಂದ ಕಾಣಿಸಿತು. ಬೆಳೆಯುವ ಮುಂಚೆ ಅದು ಯಾರ ಅನುಮತಿಯನ್ನೂ ಕೇಳಿಲ್ಲ, ಪುಣ್ಯ!

ಅಮ್ಮ ದಾವಣಗೆರೆಯಲ್ಲಿ ಕನ್ನಡ ಟೀಚರ್ ಆಗಿದ್ದವರು. ನಿಮ್ಮ ವರದಿಯನ್ನು ಕತ್ತರಿಸಿ ಬ್ಯಾಗಲ್ಲಿ ಇಟ್ಟುಕೊಂಡಿದ್ದರು. ಮಂಡಿನೋವು ಬೇರೆ. ಹತ್ತಿರದಲ್ಲಿ ಕೂರೋಕೆ ಒಂದು ಕಟ್ಟೆಯೂ ಇಲ್ಲ. ಪ್ರವಾಸಿ ಮಾಹಿತಿ ಕೇಂದ್ರವೊಂದರಲ್ಲಿ ಮೊದಲೇ ವಿಚಾರಿಸಿದ್ದೆ. ಅಲ್ಲಿದ್ದವರು ಕವಿಯ ಹೆಸರು ಕೇಳಿ ನಗುತ್ತಾ ಟೂರಿಸ್ಟ್ ಬಸ್ಸಿನ ನಕ್ಷೆ ಕೈಗಿಟ್ಟರು. ತಮ್ಮದೇ ದೇಶದ ನೊಬೆಲ್ ಕವಿ, ಸ್ವಾಮಿ!

ಅದೇನು ಸುಮ್ನೆ ಒಂದು ಹಳೇ ಮನೆಯಾ? ಕವಿ 1927ರಲ್ಲಿ ಬಂದವರು, ಸ್ಪೇನಿನ ಅಂತರ್ಯುದ್ಧದ ವರ್ಷಗಳು ಬಿಟ್ಟರೆ, 1984ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಕಿಡ್ನಿ ಕಾಯಿಲೆ, ಜಾಸ್ತಿ ಹೊತ್ತು ಮಲಗಿಯೇ ಇರಬೇಕು. ಆದ್ದರಿಂದ ಲೋಕವೇ ಅಲ್ಲಿಗೆ ಬರುತ್ತಿತ್ತು. ಕವಿ ಲೋರ್ಕಾ ಬಂದು ಪಿಯಾನೋ ನುಡಿಸುತ್ತಿದ್ದರು. ಚಿಲಿಯ ಕವಿ ನೆರೂಡ ಬರುತ್ತಿದ್ದರು. ಮೇಕೆ ಕಾಯುತ್ತಿದ್ದ ಹುಡುಗ, ಕವಿ ಮಿಗೆಲ್ ಎರ್ನಾಂಡೆಸ್, ನಿಮ್ಮ ಪುಸ್ತಕ ಕೊಳ್ಳಲು ನನ್ನಲ್ಲಿ ದುಡ್ಡಿಲ್ಲ, ಒಂದು ಪ್ರತಿ ಕೊಡಿ ಎಂದು ಕಾಗದ ಬರೆದರೆ, ಇವರು ಮನೆಗೇ ಕರೆದರು. ಅವನಿಗೆ ತೆರೆದ ಬಾಗಿಲು ನಮಗಿಲ್ಲ. ಯುದ್ಧದಲ್ಲಿ ಮನೆ ಜಖಂ ಆಯಿತು. ಲೋರ್ಕಾರನ್ನು ಕೊಂದರು, ಎರ್ನಾಂಡೆಸ್ 1942ರಲ್ಲಿ ಜೈಲಲ್ಲೇ ಸತ್ತರು, ಎಷ್ಟೋ ಕವಿಗಳು ದೇಶ ಬಿಟ್ಟರು. ಇವರು ಅಲ್ಲೇ ಉಳಿದು, ಮನೆ ಸರಿಮಾಡಿಸಿಕೊಂಡು, ಹೊಸ ಹುಡುಗರ ಕವಿತೆಗಳಿಗೆ ಕಿವಿಕೊಟ್ಟರು. 1977ರಲ್ಲಿ ನೊಬೆಲ್ ಬಂದಾಗ ಸ್ಟಾಕ್‌ಹೋಮ್‌ಗೆ ಹೋಗುವಷ್ಟೂ ಆರೋಗ್ಯ ಇರಲಿಲ್ಲ.

ನಗರಪಾಲಿಕೆ ರಸ್ತೆಗೆ ಅವರ ಹೆಸರಿಟ್ಟಿತು. ಬೋರ್ಡು ಅಗ್ಗ, ಅಲ್ವಾ? 1986ರಲ್ಲಿ, ಜೊತೆಗಿದ್ದ ತಂಗಿಯೂ ತೀರಿಕೊಂಡ ಮೇಲೆ ಮನೆ ಖಾಲಿ. ನಗರಪಾಲಿಕೆ ಪ್ರಾಂತ್ಯದ ಕಡೆ, ಪ್ರಾಂತ್ಯ ಕೇಂದ್ರದ ಕಡೆ ಕೈ ತೋರಿಸುತ್ತಾ ವರ್ಷಗಳು ಕಳೆದವು. ಕವಿಯ ಅಭಿಮಾನಿಗಳು ಗಂಟಲು ಹರಿದುಕೊಂಡಿದ್ದೇ ಬಂತು. ಕೊನೆಗೆ 2025ರ ಹರಾಜಿನಲ್ಲಿ ಪ್ರಾಂತೀಯ ಸರ್ಕಾರ 30 ಲಕ್ಷ ಯೂರೋಗೂ ಹೆಚ್ಚು ಕೊಟ್ಟು ಕೊಂಡಿತು. ಕಾವ್ಯದ ಮನೆ ಮಾಡ್ತೀವಿ ಅಂದಿತು. ಅಂದಿದ್ದೇ ತಡ, ಆಗಿಯೇಹೋಯಿತು ಅನ್ನೋ ಹಾಗೆ ನೀವು ಅಚ್ಚು ಹಾಕಿದಿರಿ.

ಈ ಊರಿನ ಕಚೇರಿಗಳ ಆಟ ನನಗೆ ಹೊಸದಲ್ಲ. ವಾಸದ ಕಾರ್ಡು ನವೀಕರಿಸಲು ಆನ್‌ಲೈನ್‌ನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ ಅನ್ನುತ್ತಾರೆ. ಅದು ರಾತ್ರಿ ಎಷ್ಟು ಹೊತ್ತಿಗೆ ನೋಡಿದರೂ ಖಾಲಿ ಇಲ್ಲ. ಸಿಕ್ಕಿತು ಅಂತ ಓಡಿದರೆ ಒಂದು ಜೆರಾಕ್ಸ್ ಕಡಿಮೆ. ಎದುರುಗಡೆಯೇ ಜೆರಾಕ್ಸ್ ಅಂಗಡಿ ಇದೆ, ಎರಡು ನಿಮಿಷ ಕೊಡಿ ಅಂದರೆ ಕೌಂಟರ್ ಮುಚ್ಚಿ ಕಾಫಿಗೆ ಹೋಗುತ್ತಾರೆ. ನಮ್ಮಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ಮನೆಯನ್ನು 2011ರಲ್ಲಿ ಒಡೆಯೋಕೇ ಶುರು ಮಾಡಿದ್ದರು. ಆದರೂ 2016ಕ್ಕೆ ಅದು ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತಲ್ಲ!

ಅಧಿಕಾರಿಗಳು ಬೇಗ ಮನೆ ತೆರೆಯಲಿ. ಆಗದಿದ್ದರೆ ‘ಇನ್ನೂ ಇಲ್ಲ’ ಅಂತ ಒಂದು ಬೋರ್ಡಾದರೂ ನೇತುಹಾಕಲಿ, ಒಂದು ಬೆಂಚಾದರೂ ಹಾಕಲಿ. ನೀವೂ ಅಷ್ಟೇ, ಇನ್ನು ಮುಂದೆ ವಿಚಾರಿಸಿ ಬರೆಯಿರಿ. ಯಾರು ಏನು ಮಾಡಬೇಕೋ ಅದನ್ನು ಮಾಡಿ, ಸಾಕು. ಇಷ್ಟು ವರ್ಷ ಕೂತು ಸಂಬಳ ತಿಂದವರಿಗೆ ನಾಚಿಕೆ ಅನ್ನೋದು ಇದ್ದರೆ.

— ನಿಮ್ಮ ಹಳೆಯ ಓದುಗ, ಮ್ಯಾಡ್ರಿಡ್